ಅಲ್ಹಂಬ್ರಾದಲ್ಲಿ ನಾನು ದುಭಾಷಿಯಾದದ್ದು

ಮೂವತ್ತೊಂದು ವರ್ಷ ನಾನು ಇಂಗ್ಲಿಷ್ ಕಲಿಸಿದ್ದೇನೆ; ಆದರೆ ಇಂಗ್ಲಿಷನ್ನು ಕಿವಿಯಾರೆ ಕೇಳಿದ್ದು ತೀರ ಕಡಿಮೆ. ಈ ಮಾತನ್ನು ನಿವೃತ್ತಿಯಾದ ಮೇಲೆ ಹೇಳುತ್ತಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ನೌಕರಿಯಲ್ಲಿದ್ದಾಗ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ರಾಜೂರು, ಲಕ್ಕಲಕಟ್ಟಿ, ಕೊನೆಗೆ ರೋಣ ಎಂದು ಗಜೇಂದ್ರಗಡದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲೇ ಸುತ್ತಾಡಿ, ಇಂಗ್ಲಿಷ್ ವ್ಯಾಕರಣವನ್ನು ಅಚ್ಚಗನ್ನಡದಲ್ಲಿ ಪಾಠ ಮಾಡಿದವನು ನಾನು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ರಾಮನು ಮಾವಿನ ಹಣ್ಣನ್ನು ತಿಂದನು. ಮಾವಿನ ಹಣ್ಣು ರಾಮನಿಂದ ತಿನ್ನಲ್ಪಟ್ಟಿತು. ಮೂವತ್ತೊಂದು ವರ್ಷ ರಾಮ ತಿನ್ನುತ್ತಲೇ ಹೋದ, ಹಣ್ಣು ತಿನ್ನಲ್ಪಡುತ್ತಲೇ ಹೋಯಿತು. ಆದರೆ ಆ ರಾಮ ಒಂದು ದಿನವೂ ನನ್ನೆದುರಿಗೆ ಬಂದು, "ಸರ್, ಇನ್ನೊಂದು ಹಣ್ಣಿದೆಯೆ?" ಎಂದು ಇಂಗ್ಲಿಷಿನಲ್ಲಿ ಕೇಳಲಿಲ್ಲ. ಕೇಳಿದ್ದರೆ ನನಗೆ ಎಷ್ಟು ತಿಳಿಯುತ್ತಿತ್ತು ಎಂಬ ಪ್ರಶ್ನೆ ಸ್ಪೇನ್ ದೇಶದ ಒಂದು ಗುಡ್ಡದ ಮೇಲೆ, ನಮ್ಮ ಸೀಮೆಯ ಹನ್ನೆರಡು ಜನರ ಕಿವಿಯಲ್ಲಿ ಇತ್ಯರ್ಥವಾಯಿತು.

ಸ್ಪೇನಿಗೆ ನಾನು ಹೋದದ್ದು ಬಸವರಾಜನ ದೆಸೆಯಿಂದ. ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪಾಸಾಗಿ, ಆಮೇಲೆ ಇಂಗ್ಲಿಷಿನ ಗೊಡವೆಗೇ ಹೋಗದೆ ರೋಣದಲ್ಲಿ ಕಡಲೆ, ಹೆಸರಿನ ವ್ಯಾಪಾರ ಮಾಡಿ ಚೆನ್ನಾಗಿ ಬೆಳೆದವನು. ಹೋದ ವರ್ಷ ಅವನಿಗೆ ಯುರೋಪ್ ನೋಡುವ ಹುಕಿ ಬಂತು. ಒಬ್ಬನೇ ನೋಡಿದರೆ ನೋಡಿದಂತಲ್ಲ ಎಂಬುದು ನಮ್ಮ ಕಡೆಯ ಜನರ ನಂಬಿಕೆ. ರೋಣ, ನರಗುಂದದ ಪೇಟೆಯ ದಂಪತಿಗಳು, ನಮ್ಮೂರಿನ ಸೀರೆ ಅಂಗಡಿಯವರು, ನಾನು, ನನ್ನ ಹೆಂಡತಿ ಶಾಂತಾ, ಎಲ್ಲ ಸೇರಿ ಹದಿನಾಲ್ಕು ಜನರಾದೆವು. ಹದಿನಾಲ್ಕನೆಯವರು ಬಸವರಾಜನ ದೊಡ್ಡವ್ವ, ಸವಡಿಯ ನೀಲವ್ವ.

ನೀಲವ್ವ ಎಪ್ಪತ್ತು ದಾಟಿದವರು. ಸವಡಿಯಲ್ಲಿ ಅವರ ಕಪ್ಪು ಮಣ್ಣಿನ ಎರಿ ಹೊಲ ಇದೆ. ಬದು ಹಾಕಿಸುವುದರಿಂದ ಹಿಡಿದು ಕೃಷಿಹೊಂಡದ ಹೂಳು ತೆಗೆಸುವವರೆಗೆ ಇವತ್ತಿಗೂ ಅವರೇ ನಿಂತು ಮಾಡಿಸುತ್ತಾರೆ. ಮಂಡಿನೋವಿದ್ದರೂ ಬಸವರಾಜ ಹಟ ಮಾಡಿ ಕರೆತಂದಿದ್ದ. ಆದರೆ ಹತ್ತು ದಿನದ ಪ್ರವಾಸದಲ್ಲಿ ಅವರು ಯಾವುದನ್ನೂ ಮೆಚ್ಚಿರಲಿಲ್ಲ. ಪ್ಯಾರಿಸ್ಸಿನ ಗೋಪುರವನ್ನು ನಾವೆಲ್ಲ ಕತ್ತು ಮುರಿಯುವಂತೆ ನೋಡುತ್ತಿದ್ದಾಗ ಅವರು ಕೇಳಿದ್ದು ಒಂದೇ ಮಾತು: "ಇಷ್ಟು ಕಬ್ಬಣಕ್ಕ ಮಳಿಗಾಲದಾಗ ಜಂಗ್ ಹಿಡಿಯೂದಿಲ್ಲೇನೊ ಬಸು?" ಬಸವರಾಜ ನನ್ನ ಕಡೆ ನೋಡಿದ. ನಾನು ಗೋಪುರದ ಕಡೆ ನೋಡಿದೆ.

ಗ್ರನಾಡಾ ಊರಿಗೆ ಬಂದ ಮರುದಿನ ಅಲ್ಹಂಬ್ರಾ ಎಂಬ ಅರಮನೆಗಳ ಸಮೂಹವನ್ನು ನೋಡುವುದಿತ್ತು. ಯುರೋಪಿನವರು ಮೂರರು ಎಂದು ಕರೆಯುವ ಮುಸ್ಲಿಂ ಅರಸರು ನೂರಾರು ವರ್ಷಗಳ ಹಿಂದೆ ಗುಡ್ಡದ ನೆತ್ತಿಯ ಮೇಲೆ ಕಟ್ಟಿಸಿದ್ದು. ಒಳಗೆ ವಾಹನವಿಲ್ಲ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಲ್ನಡಿಗೆಯಲ್ಲೇ ಸುತ್ತಬೇಕು. ಅದುವರೆಗೆ ನಮಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದ ಪ್ರವಾಸದ ವ್ಯವಸ್ಥಾಪಕರು ಅಂದು ಹೊಟ್ಟೆ ಕೆಟ್ಟು ಹೋಟೆಲಿನ ಹಾಸಿಗೆ ಹಿಡಿದರು. ಬಾಗಿಲಲ್ಲಿ ನಮಗಾಗಿ ಕಾದಿದ್ದ ಗೈಡ್ ಪಿಲಾರ್ ಎಂಬ ಐವತ್ತರ ಹೆಂಗಸು. ಆಕೆಗೆ ಬರುವುದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ನಮ್ಮ ಗುಂಪಿಗೆ ಬರುವುದು ಕನ್ನಡ, ಅಷ್ಟಿಷ್ಟು ಹಿಂದಿ, ಮರಾಠಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಬಸವರಾಜ ಎದೆಯುಬ್ಬಿಸಿ ಹೇಳಿದ:

"ಸರ ಅದಾರಲ್ಲ, ಮತ್ಯಾಕ ಚಿಂತಿ? ಆಕಿ ಇಂಗ್ಲಿಷಿನಾಗ ಹೇಳ್ಲಿ, ನಮ್ಮ ಸರ ನಮಗ ಕನ್ನಡದಾಗ ಹೇಳ್ತಾರ."

ಶಾಂತಾ ನನ್ನ ಹತ್ತಿರ ಸರಿದು, "ಆಗತೈತೇನ್ರಿ?" ಎಂದು ಕೇಳಿದಳು.

"ಆಗದಕ್ಕ ಏನಾಗೇತಿ?" ಎಂದೆ. ಬಸವರಾಜನ ಮಾತಿಗೆ ಹಿಗ್ಗಿದ ಎದೆ ಇನ್ನೂ ಇಳಿದಿರಲಿಲ್ಲ.

ಪಿಲಾರ್ ಎಲ್ಲರಿಗೂ ಕಿವಿಗೆ ಸಿಕ್ಕಿಸಿಕೊಳ್ಳುವ ಒಂದೊಂದು ಸಾಧನ ಹಂಚಿದಳು. ಆಕೆಯ ಕೈಯಲ್ಲಿ ಬೆರಳುದ್ದದ ಮೈಕು. ಅದರಲ್ಲಿ ಪಿಸುಗುಟ್ಟಿದರೂ ದೂರದಲ್ಲಿರುವವರ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ತನ್ನ ಇಂಗ್ಲಿಷ್ ನನ್ನೊಬ್ಬನಿಗೇ ಬೇಕಾದದ್ದು ಎಂದು ತಿಳಿದ ಮೇಲೆ ಆಕೆ ಮೈಕನ್ನು ನನ್ನ ಕೊರಳಪಟ್ಟಿಗೆ ಸಿಕ್ಕಿಸಿದಳು. ತಾನು ನನ್ನ ಪಕ್ಕದಲ್ಲಿ ನಿಂತು ಬಾಯಲ್ಲೇ ಹೇಳುವುದು, ನಾನು ಮೈಕಿನಲ್ಲಿ ಕನ್ನಡದಲ್ಲಿ ಹೇಳುವುದು ಎಂದು ಏರ್ಪಾಡಾಯಿತು. ಮೈಕಿನ ಗುಂಡಿಯನ್ನು ತೋರಿಸಿ ಏನೋ ವಿವರಿಸಿದಳು. ನಾನು ಬಹಳ ತಿಳಿದವನಂತೆ ತಲೆಯಾಡಿಸಿದೆ. ಆ ದಿನ ನನಗೆ ತಿಳಿಯದೆ ತಲೆಯಾಡಿಸಿದ ಮೊದಲನೆಯ ಮಾತು ಅದು.

ಪಿಲಾರಳ ಇಂಗ್ಲಿಷ್ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ನಿಲ್ಲುವುದಿಲ್ಲ, ಉಸಿರೆಳೆಯುವುದಿಲ್ಲ, ಒಂದು ವಾಕ್ಯದ ಬಾಲಕ್ಕೆ ಇನ್ನೊಂದು ವಾಕ್ಯದ ತಲೆಯನ್ನು ಹೊಲಿದುಬಿಡುತ್ತಾಳೆ. ಅದರಲ್ಲಿ ಒಂದು ವಿಶೇಷ ನನ್ನ ಕಿವಿಗೆ ಬಿತ್ತು. ಕಲ್ಲಿಗೆ ಆಕೆ "ಎಸ್ಟೋನ್" ಎನ್ನುತ್ತಾಳೆ, ಶಾಲೆಗೆ "ಎಸ್ಕೂಲ್" ಎನ್ನುತ್ತಾಳೆ. ನಮ್ಮ ರಾಜೂರಿನ ಮಕ್ಕಳು "ಇಸ್ಕೂಲ್", "ಇಸ್ಟೇಶನ್" ಎಂದಾಗ ನಾನು ಎಷ್ಟು ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ! ಇಲ್ಲಿ ನೋಡಿದರೆ ಅದೇ ಉಚ್ಚಾರಣೆಗೆ ಜಗತ್ತಿನ ಜನ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಹಿಂದೆ ಹಿಂದೆ ನಡೆಯುತ್ತಾರೆ. ಆ ಮಕ್ಕಳಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳುವಷ್ಟರಲ್ಲಿ ಪಿಲಾರ್ ನಾಲ್ಕು ವಾಕ್ಯ ಮುಂದೆ ಹೋಗಿದ್ದಳು.

ಮೊದಲು ಬಂದದ್ದು ಒಂದು ದೊಡ್ಡ ಹೆಬ್ಬಾಗಿಲು. ಹೊರಗಿನ ಕಮಾನಿನ ನೆತ್ತಿಯಲ್ಲಿ ಒಂದು ಕೈಯನ್ನು, ಒಳಗಿನ ಕಮಾನಿನ ಮೇಲೆ ಒಂದು ಕೀಲಿಕೈಯನ್ನು ಕೆತ್ತಿದ್ದಾರೆ. ಪಿಲಾರ್ ಎರಡು ನಿಮಿಷ ಮಾತನಾಡಿದಳು. ನನಗೆ ಸಿಕ್ಕಿದ್ದು "ಕೈ" ಮತ್ತು "ಕೀಲಿ" ಎಂಬ ಎರಡು ಶಬ್ದ. ಅವೆರಡೂ ಕಣ್ಣಿಗೇ ಕಾಣುತ್ತಿದ್ದವು. ಹದಿಮೂರು ಮುಖಗಳು ನನ್ನ ಕಡೆ ತಿರುಗಿದವು. ಬಸವರಾಜ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ನಿಂತಿದ್ದ.

"ಇದನ್ನ ಕಟ್ಟಿಸಿದ ರಾಜಾ," ಎಂದೆ ನಾನು, "ಬಾಗಲದ ಕೀಲಿ ಯಾರ ಕೈಯಾಗೂ ಕೊಡತಿದ್ದಿಲ್ಲಂತ. ಅದಕ್ಕ ನೋಡ್ರಿ, ಕೈ ಹೊರಗ, ಕೀಲಿ ಒಳಗ."

"ಶಾಣ್ಯಾ ರಾಜಾ," ಎಂದು ನರಗುಂದದ ವ್ಯಾಪಾರಿಯೊಬ್ಬರು ಕಿಸೆ ಮುಟ್ಟಿಕೊಂಡು ತಮ್ಮ ಅಂಗಡಿಯ ಕೀಲಿ ಇದೆಯೆಂದು ಖಾತ್ರಿ ಮಾಡಿಕೊಂಡರು. ನನಗೆ ಒಂದು ಬಗೆಯ ಸುಖವಾಯಿತು. ಹೇಳಿದ್ದು ನಿಜವಲ್ಲದಿದ್ದರೂ ಕೇಳಿದವರಿಗೆ ಒಪ್ಪಿಗೆಯಾಗಿದೆ. ಸುಳ್ಳಿಗೆ ಇಷ್ಟು ಬೇಗ ಹೊಂದಿಕೊಳ್ಳಬಹುದೆಂದು ನನಗೇ ಗೊತ್ತಿರಲಿಲ್ಲ.

ಒಳಗೆ ಒಂದು ಉದ್ದನೆಯ ಕೊಳದ ಅಂಗಳ. ಕೊಳದ ಎರಡೂ ಬದಿಗೆ ಕತ್ತರಿಸಿ ಒಪ್ಪ ಮಾಡಿದ ಹಸಿರು ಗಿಡಗಳ ಸಾಲು. ನೀರು ಎಷ್ಟು ನಿಶ್ಚಲವಾಗಿದೆಯೆಂದರೆ ಎದುರಿನ ಗೋಪುರ ತಲೆಕೆಳಗಾಗಿ ಅದರಲ್ಲಿ ಇಳಿದು ಕುಳಿತಂತಿದೆ. ಇಲ್ಲಿ ನನಗೆ ನೀರು, ಕನ್ನಡಿ, ಸುಲ್ತಾನ ಎಂಬ ಮೂರು ಶಬ್ದ ಸಿಕ್ಕಿದ್ದವು. ಅಷ್ಟನ್ನೇ ಹೇಳಿದ್ದರೆ ಮರ್ಯಾದೆಯಿಂದ ಮುಗಿಯುತ್ತಿತ್ತು. ಆದರೆ ಹೆಬ್ಬಾಗಿಲಿನ ಗೆಲುವು ತಲೆಗೇರಿತ್ತು. ಗಜೇಂದ್ರಗಡದ ಗುಡ್ಡಕ್ಕೆ ವರ್ಷವರ್ಷ ಶಾಲೆಯ ಮಕ್ಕಳನ್ನು ಹತ್ತಿಸಿದ ಅನುಭವ ಬೇರೆ. ನಮ್ಮ ಸೀಮೆಯ ಯಾವ ಕೋಟೆಯನ್ನೇ ನೋಡಿ, ಅಲ್ಲಿ ರಾಣಿ ಸ್ನಾನ ಮಾಡಿದ ಒಂದು ಕೊಳ, ಯಾರೂ ಅಗೆಯದ ಒಂದು ನಿಧಿ, ಯಾರೂ ಕಾಣದ ಒಂದು ಸುರಂಗ ಇದ್ದೇ ಇರುತ್ತವೆ. ನಮ್ಮ ಗುಡ್ಡದ ಸುರಂಗ ಬಾದಾಮಿಗೆ ಹೋಗುತ್ತದೆ ಎಂದು ನಾನು ಹೇಳಿದರೆ, ಹಿಂದಿ ಮಾಸ್ತರರು ನರಗುಂದಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಮಕ್ಕಳು ಎರಡನ್ನೂ ನಂಬುತ್ತಿದ್ದರು. ಆ ರಾಣಿಯನ್ನೂ ಆ ಸುರಂಗವನ್ನೂ ನಾನು ಎತ್ತಿಕೊಂಡು ಬಂದು ಅಲ್ಹಂಬ್ರಾದಲ್ಲಿ ಇಳಿಸಿದೆ. ವೈರಿಗಳು ಮುತ್ತಿಗೆ ಹಾಕಿದಾಗ ರಾಣಿ ಈ ಕೊಳದ ತಳದ ಬಾಗಿಲಿನಿಂದ ಸುರಂಗ ಹೊಕ್ಕು ಹೊಳೆಯ ದಂಡೆಯಲ್ಲಿ ಎದ್ದಳು ಎಂದೆ.

"ಸುರಂಗ ಎಲ್ಲೈತ್ರಿ ಸರ? ನೋಡಾಕ ಬಿಡ್ತಾರೇನ್ರಿ?" ಬಸವರಾಜ ಮೊಬೈಲು ಹೊರತೆಗೆದ.

"ಬಂದ್ ಮಾಡ್ಯಾರ. ಒಳಗ ಹಾವು ಅದಾವಂತ."

ಎಲ್ಲರೂ ಕೊಳದಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಪಿಲಾರ್ ನನ್ನನ್ನೇ ನೋಡುತ್ತಿದ್ದಳು. ತಾನು ಒಂದು ನಿಮಿಷ ಹೇಳಿದ್ದನ್ನು ಇವನು ನಾಲ್ಕು ನಿಮಿಷ ಹೇಳಿದನಲ್ಲ ಎಂದು ಆಕೆಗೆ ಆಶ್ಚರ್ಯ. "ನಿಮ್ಮ ಭಾಷೆ ಬಹಳ ಉದ್ದ" ಎಂದು ನಕ್ಕಳು. ಅಂದು ಬೆಳಿಗ್ಗೆ ನನಗೆ ಪೂರ್ತಿ ಅರ್ಥವಾದ ಇಂಗ್ಲಿಷ್ ವಾಕ್ಯ ಅದೊಂದೇ.

ಎರಡು ಭಾಷೆ ಬಲ್ಲವನು ದ್ವಿಭಾಷಿ. ಜನರ ಬಾಯಲ್ಲಿ ಉರುಳಿ ಉರುಳಿ ಅದು ದುಭಾಷಿಯಾಗಿದೆ. ಆದರೆ "ದುರ್ಬುದ್ಧಿ", "ದುರಾಸೆ"ಗಳ ಮುಂದೆ ನಿಲ್ಲುವ ಅಕ್ಷರವೂ ಇದೇ ಅಲ್ಲವೆ? ಈ ಶಬ್ದವನ್ನು ಹೀಗೆ ಸವೆಸಿದ ಜನಕ್ಕೆ ನನ್ನಂಥವನೊಬ್ಬನ ಪರಿಚಯ ಇದ್ದಿರಬೇಕು.

ಅಲ್ಲಿಂದ ಸಿಂಹಗಳ ಅಂಗಳಕ್ಕೆ ಬಂದೆವು. ಸುತ್ತಲೂ ಕಬ್ಬಿನ ಜಲ್ಲೆಯಷ್ಟು ಸಪೂರ ಅನ್ನಿಸುವ ಬಿಳಿ ಕಂಬಗಳ ಸಾಲು, ಮೇಲೆ ಗೋಡೆ ತುಂಬ ಅರಬ್ಬಿ ಬರಹ, ಜೇನುಗೂಡಿನಂಥ ಕೆತ್ತನೆ. ನಟ್ಟನಡುವೆ ಹನ್ನೆರಡು ಕಲ್ಲಿನ ಸಿಂಹಗಳು ಬೆನ್ನ ಮೇಲೆ ಒಂದು ಬೋಗುಣಿ ಹೊತ್ತು ನಿಂತಿವೆ. ಒಂದೊಂದರ ಬಾಯಿಂದಲೂ ನೀರು. ಹನ್ನೆರಡು ಸಿಂಹಗಳೆಂದರೆ ರಾಜನ ಹನ್ನೆರಡು ಮಂತ್ರಿಗಳು, ಅವರ ಬಾಯಿಂದ ಬರಿ ನೀರೇ ಬರುತ್ತಿತ್ತು ಎಂದು ನಾನು ಒಂದು ಚಟಾಕಿ ಹಾರಿಸಿದೆ. ಎಲ್ಲರೂ ನಕ್ಕರು. ನೀಲವ್ವ ನಗಲಿಲ್ಲ. ಅವರು ಸಿಂಹಗಳನ್ನೂ ಕಂಬಗಳನ್ನೂ ನೋಡುತ್ತಿರಲಿಲ್ಲ. ನೆಲದ ಕಲ್ಲಿನಲ್ಲಿ ಕೊರೆದ ಗೇಣಗಲದ ಕಾಲುವೆಯಲ್ಲಿ ನೀರು ಯಾವ ಕಡೆ ಹರಿಯುತ್ತಿದೆ ಎಂದು ಬಗ್ಗಿ ನೋಡುತ್ತಿದ್ದರು.

"ಮಾಸ್ತರ, ಇದು ಗುಡ್ಡ ಅಲ್ರಿ? ಗುಡ್ಡದ ಮ್ಯಾಲ ಇಷ್ಟು ನೀರು ಎಲ್ಲಿಂದ ಬಂತು? ಆಕಿನ್ನ ಕೇಳ್ರಿ."

"ಬಾವಿ ಇರಬೇಕ್ರಿ, ನೀಲವ್ವಾರ."

"ಬಾವಿ ನೀರು ಸೇದಬೇಕಲ್ರಿ. ಇದು ತಾನ ಬರಾಕತ್ತೇತಿ. ನಮ್ಮ ಕಾಲಕಾಲೇಶ್ವರನ ಗುಡಿಯಾಗ ಕಲ್ಲಬಂಡಿಯಿಂದ ಹನಿ ಹನಿ ಬೀಳತೈತಿ, ಖರೆ. ಇದು ಹನಿ ಅಲ್ಲ, ಹೊಳಿ ನೀರು ಹರದಂಗ ಐತಿ. ಕೇಳ್ರಿ ಆಕಿನ್ನ."

ಹಿಂದಿನ ಗುಂಪಿನವರು ಒತ್ತುತ್ತಿದ್ದರು. ಅದೇ ನೆವ ಸಾಕಾಯಿತು. "ನಡೀರಿ, ನಡೀರಿ" ಎಂದು ಎಲ್ಲರನ್ನೂ ಮುಂದಕ್ಕೆ ಸಾಗಿಸಿದೆ. ಮುಂದಿನ ಕೋಣೆಯಲ್ಲಿ ನೀಲವ್ವ ಮತ್ತೆ ಕೇಳಿದರು. "ಕೇಳ್ತೀನಿ, ತಡೀರಿ" ಎಂದೆ. ತೋಟದ ದಾರಿಗೆ ಬಂದಾಗ ಅವರು ನನ್ನ ಪಕ್ಕಕ್ಕೇ ಬಂದರು. ಬಾಯಿ ತೆರೆದವರು ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ" ಎಂದು ಮುಂದೆ ಹೋಗಿಬಿಟ್ಟರು.

ಆ "ಇರ್ಲಿ ಬಿಡ್ರಿ" ನನಗೆ ನಾಟಿತು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಕಷ್ಟವಲ್ಲ. ವರ್ತಮಾನಕಾಲ, ಪ್ರಶ್ನಾರ್ಥಕ, ಎಂಟನೆಯ ಇಯತ್ತೆಯ ಪಾಠ. ನನ್ನ ಭಯ ಉತ್ತರದ್ದು. ಉತ್ತರ ಬಂದರೆ ನನಗೆ ತಿಳಿಯುವುದಿಲ್ಲ. ಸುರಂಗದ ಬಗ್ಗೆ ಹೇಳಿದ ಹಾಗೆ ನೀರಿನ ಬಗ್ಗೆ ನೀಲವ್ವನಿಗೆ ಏನಾದರೊಂದು ಹೇಳಿ ದಾಟಿಸಲು ಬರುವುದಿಲ್ಲ. ರಾಣಿಯನ್ನು ಕಂಡವರಿಲ್ಲ. ನೀರನ್ನು ಅವರು ಐವತ್ತು ವರ್ಷ ಹೊಲದಲ್ಲಿ ನಿಂತು ಕಂಡಿದ್ದಾರೆ. ಇಲ್ಲದ್ದನ್ನು ಹೇಳಿದ್ದು ಹಾಗಿರಲಿ, ಒಬ್ಬರಿಗೆ ನಿಜವಾಗಿ ಬೇಕಾಗಿದ್ದನ್ನು ಬಾಯಿಗೆ ಅಡ್ಡ ಕೈಯಿಟ್ಟು ತಡೆದೆನಲ್ಲ ಎಂದು ಮೊದಲ ಸಲ ನಾಚಿಕೆಯಾಯಿತು.

ಗುಂಪು ಒಂದು ಕೊಳದ ಬಳಿ ಫೋಟೋ ತೆಗೆಸಿಕೊಳ್ಳಲು ನಿಂತಿತು. ನಾನು ಆಳೆತ್ತರದ ಹಸಿರು ಬೇಲಿಯ ಹಿಂದೆ ಸರಿದು ಕಲ್ಲಿನ ಮೇಲೆ ಕುಳಿತೆ. ಶಾಂತಾ ಹಿಂದೆಯೇ ಬಂದಳು.

"ಏನಾತ್ರಿ? ಮಾರಿ ಯಾಕ ಹಂಗ ಮಾಡೀರಿ?"

"ಶಾಂತಾ, ಆಕಿ ಹತ್ತು ಮಾತು ಹೇಳಿದ್ರ ನನಗ ಎರಡು ತಿಳೀತಾವ. ಉಳಿದದ್ದೆಲ್ಲಾ ನಾನ ಹುಟ್ಟಿಸಿ ಹೇಳೇನಿ."

"ಸುರಂಗ?"

"ಸುರಂಗಾನೂ."

"ರಾಣಿ?"

"ರಾಣೀನೂ. ಹಾವೂ ನಂದ. ಅದು ಹೋಗ್ಲಿ. ನೀಲವ್ವಾರು ನೀರಿಂದು ಕೇಳಾಕತ್ತಾರ. ಕೇಳಾಕ ನನಗ ಅಂಜಿಕಿ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ, ಈಗ ತಿಳಿಯೂದಿಲ್ಲ ಅಂತ ಬಸವರಾಜನ ಮುಂದ ಹ್ಯಾಂಗ ಹೇಳ್ಲಿ?"

ಶಾಂತಾ ಕತ್ತು ವಾಲಿಸಿ ಏನನ್ನೋ ಆಲಿಸಿದಳು. ಕಿವಿಗೆ ಕೈಯಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಏನ್ರಿ, ನಿಮ್ಮ ಮಾತು ನನಗ ಎರಡೆರಡು ಸಲ ಕೇಳಾಕತ್ತೇತಿ."

ಕೊರಳಪಟ್ಟಿ ನೋಡಿಕೊಂಡೆ. ಮೈಕಿನ ಮೇಲೆ ಪುಟ್ಟದೊಂದು ಕೆಂಪು ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು.

ಬೇಲಿಯ ಮೇಲಿಂದ ಇಣುಕಿದೆ. ನಮ್ಮ ಸೀಮೆಯ ಜನ ಒಳ್ಳೆಯವರು. ಹನ್ನೆರಡು ಮಂದಿಯೂ ಹನ್ನೆರಡು ಕಡೆ ನೋಡುತ್ತ ನಿಂತಿದ್ದರು. ಒಬ್ಬರು ಕೊಳದ ಮೀನು ಎಣಿಸುತ್ತಿದ್ದರು. ಸೀರೆ ಅಂಗಡಿಯವರು ಗೋಡೆಯ ನಕ್ಷೆಯನ್ನು ಮೂಗು ತಾಗುವಷ್ಟು ಹತ್ತಿರದಿಂದ ಪರೀಕ್ಷಿಸುತ್ತಿದ್ದರು. ಬಸವರಾಜ ಮೋಡವೇ ಇಲ್ಲದ ಆಕಾಶದಲ್ಲಿ ಮಳೆಯ ಲಕ್ಷಣ ಹುಡುಕುತ್ತಿದ್ದ. ಯಾರೊಬ್ಬರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು.

ಬೇಲಿಯ ಹಿಂದೆಯೇ ಉಳಿದುಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ತೋಟ ಚೆನ್ನಾಗಿತ್ತು. ಆದರೆ ಬಸವರಾಜ ಬೇಲಿ ಸುತ್ತಿಕೊಂಡು ಬಂದೇಬಿಟ್ಟ.

"ಸರ, ಎರಡನೇ ಸಲ ನಪಾಸಾದಾಗ ನಾ ನಿಮ್ಮ ಮನೀಗೆ ಬಂದಿದ್ದೆ. ನೆನಪೈತೇನ್ರಿ? ಇಡೀ ಊರ ನಗತಿತ್ತು. ನೀವು ಒಂದು ಮಾತೂ ಬೈಲಿಲ್ಲ. ಬಾ, ಚಾ ಕುಡಿ ಅಂದ್ರಿ. ಅಷ್ಟ." ಅವನು ನನ್ನ ತೋಳು ಹಿಡಿದ. "ಇಲ್ಲಿ ಚಾ ಚಲೋ ಸಿಗೂದಿಲ್ಲ. ಆದ್ರೂ ಬರ್ರಿ, ಕುಡಿಯೂಣು."

ನನಗೆ ಅದು ನೆನಪೇ ಇರಲಿಲ್ಲ. ಮಾಸ್ತರಿಕೆಯ ವಿಚಿತ್ರ ಇದು. ನಾವು ಕಷ್ಟಪಟ್ಟು ಕಲಿಸಿದ್ದನ್ನು ಮಕ್ಕಳು ಮರೆಯುತ್ತಾರೆ, ನಾವು ಮರೆತದ್ದನ್ನು ಅವರು ಕಲಿತಿರುತ್ತಾರೆ. ಕಣ್ಣು ಒದ್ದೆಯಾಯಿತು. ಬಿಸಿಲು ಜೋರಿದೆ ಎಂದು ಹೇಳಿ ಕನ್ನಡಕ ಒರೆಸಿಕೊಂಡೆ. ಚಹಾ ನಿಜವಾಗಿಯೂ ಚೆನ್ನಾಗಿರಲಿಲ್ಲ. ಕುಡಿಯುತ್ತಿರುವಾಗ ನರಗುಂದದ ವ್ಯಾಪಾರಿ ಮೆಲ್ಲಗೆ ಹೇಳಿದರು, "ಉಳಿದದ್ದೇನೂ ಇಲ್ರಿ ಸರ. ಸುರಂಗ ಇಲ್ಲಂದದ್ದಕ್ಕ ಒಂದೀಟು ಬ್ಯಾಸರಾತು."

ಆಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ನೀಲವ್ವನ ಬಳಿ ಹೋಗಿ ನಿಂತೆ. ಅವರು ನಕ್ಕಿರಲಿಲ್ಲ, ಸಿಟ್ಟೂ ಮಾಡಿರಲಿಲ್ಲ.

"ನೀವು ಕೇಳ್ರಿ ಮಾಸ್ತರ," ಎಂದರು. "ಆಕಿ ಹೇಳಿದ್ದು ನಿಮಗ ಅರ್ಧಾ ತಿಳಿದ್ರ, ಉಳಿದರ್ಧಾ ನಾ ತಿಳಕೋತೀನಿ. ನೀರಿನ ಮಾತು ಎಷ್ಟಂದ್ರೂ ನೀರಿನ ಮಾತ."

ಅರಮನೆಯ ಮಗ್ಗುಲಿನ ಏರಿನಲ್ಲಿ ರಾಜರ ಬೇಸಿಗೆಯ ತೋಟ ಇದೆ. ಅಲ್ಲೊಂದು ಮೆಟ್ಟಿಲು. ಸಾಲುಮರಗಳ ನೆರಳಿನಲ್ಲಿ ಮೇಲೇರುವ ಆ ಮೆಟ್ಟಿಲ ಎರಡೂ ಬದಿಯ ಕೈಹಿಡಿಯಲ್ಲೇ ಕಾಲುವೆ ಮಾಡಿದ್ದಾರೆ. ನಾವು ಹತ್ತುವಾಗ ನೀರು ಕೈಗೆ ಸಮನಾಗಿ ಗಲಗಲ ಇಳಿಯುತ್ತಿರುತ್ತದೆ. ನೀಲವ್ವ ಮಂಡಿನೋವು ಮರೆತು, ಕೈಯನ್ನು ನೀರಿನಲ್ಲೇ ಇಟ್ಟುಕೊಂಡು ಮೇಲಿನವರೆಗೆ ಹತ್ತಿದರು. ಅಲ್ಲಿ ನಾನು ಪಿಲಾರಳನ್ನು ನಿಲ್ಲಿಸಿದೆ. "ಮೇಡಂ, ಈ ತಾಯಿಯ ಪ್ರಶ್ನೆ. ನೀರು. ಎಲ್ಲಿಂದ?" ಎಂದೆ. ಕ್ರಿಯಾಪದ ಬಿದ್ದುಹೋಗಿತ್ತು. ಇಂಥ ವಾಕ್ಯಕ್ಕೆ ನಾನು ಕೆಂಪು ಗೆರೆ ಎಳೆಯದೆ ಬಿಟ್ಟ ದಿನವೇ ಇಲ್ಲ.

ಪಿಲಾರ್ ಹೊಲಿಗೆ ಯಂತ್ರ ಶುರುಮಾಡಿದಳು. ನಾನು ಕೈಯೆತ್ತಿ ತಡೆದೆ. "ನನಗೆ ತಿಳಿಯಲಿಲ್ಲ. ನಿಧಾನವಾಗಿ ಇನ್ನೊಮ್ಮೆ ಹೇಳಿ."

ಯೋಚಿಸಿ ನೋಡಿದರೆ, ಈ ಒಂದು ವಾಕ್ಯವನ್ನು ಮಾತ್ರ ನಾನು ಯಾವ ಮಕ್ಕಳಿಗೂ ಇಂಗ್ಲಿಷಿನಲ್ಲಿ ಕಲಿಸಿರಲಿಲ್ಲ. ಮಾವಿನ ಹಣ್ಣನ್ನು ಎಲ್ಲ ಕಾಲಗಳಲ್ಲೂ ತಿನ್ನಿಸಿದ್ದೆ. "ತಿಳಿಯಲಿಲ್ಲ" ಎನ್ನುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ.

ಪಿಲಾರಳ ಮುಖ ಕೆಂಪಾಯಿತು. ಕೋಪವೆಂದುಕೊಂಡೆ, ಕೋಪವಲ್ಲ, ಸಂಕೋಚ. ಆಕೆ ತಡವರಿಸುತ್ತ ಹೇಳಿದ್ದು, ಆಶ್ಚರ್ಯವೆಂದರೆ, ನನಗೆ ಅಕ್ಷರ ಅಕ್ಷರ ತಿಳಿಯಿತು. ಅವಳಿಗೂ ಇಂಗ್ಲಿಷ್ ಪರಭಾಷೆಯೇ. ದೊಡ್ಡವಳಾದ ಮೇಲೆ ಕಲಿತದ್ದು. ಅರಮನೆಯ ವಿವರವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ. ನಡುವೆ ನಿಲ್ಲಿಸಿದರೆ ಮುಂದಿನದು ಮರೆತುಹೋಗುತ್ತದೆ ಎಂಬ ಹೆದರಿಕೆಗೆ ಅಷ್ಟು ಜೋರಾಗಿ ಓಡಿಸುತ್ತಾಳೆ. ಬೆಳಗಿನಿಂದ ನಾನು ಆಕೆಗೆ ಹೆದರಿದ್ದೆ, ಆಕೆ ನಾನು ತಪ್ಪು ಹಿಡಿಯುತ್ತೇನೆಂದು ನನಗೆ ಹೆದರಿದ್ದಳು. ನನ್ನನ್ನು ಇಂಗ್ಲಿಷ್ ಪ್ರೊಫೆಸರ್ ಎಂದು ಬಸವರಾಜ ಬಾಗಿಲಲ್ಲೇ ನನ್ನ ಕಡೆ ಸನ್ನೆ ಮಾಡಿ ಪರಿಚಯಿಸಿದ್ದನಂತೆ.

ನೀರಿನ ಉತ್ತರ ಆಕೆಯ ಬಾಯಿಪಾಠದಲ್ಲಿ ಇಷ್ಟು ವಿವರವಾಗಿ ಇರಲಿಲ್ಲ. ಹಾಗಾಗಿ ಯೋಚಿಸಿ, ಒಂದೊಂದೇ ಶಬ್ದ ಹುಡುಕಿ ಹೇಳಬೇಕಾಯಿತು. ದಾರಿಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು. ಇದು ಗುಡ್ಡ. ಇದು ಹೊಳೆ. ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ಆದರೆ ಆರು ಕಿಲೋಮೀಟರ್ ಹಿಂದೆ ಹೋದರೆ ಅದೇ ಹೊಳೆ ಈ ಗುಡ್ಡಕ್ಕಿಂತ ಎತ್ತರದಲ್ಲಿದೆ. ಅಲ್ಲಿ ಅಡ್ಡ ಒಂದು ಕಟ್ಟೆ. ಅಲ್ಲಿಂದ ಗುಡ್ಡಗಳ ಹೊಟ್ಟೆಯನ್ನು ಹಿಡಿದು ಒಂದು ಕಾಲುವೆ. ನೀಲವ್ವ ಎದುರಿಗೆ ಕುಳಿತೇಬಿಟ್ಟರು. ನಾನು ಇಬ್ಬರ ನಡುವೆ ಬಗ್ಗಿದೆ. ಗೆರೆಯನ್ನು ನೋಡುತ್ತ ಕೇಳಿದರೆ ಇಂಗ್ಲಿಷ್ ಎಷ್ಟು ಸಲೀಸು!

"ಎಷ್ಟು ಇಳಿಜಾರು?" ನೀಲವ್ವ ಅಂಗೈ ವಾಲಿಸಿ ತೋರಿಸಿದರು. ಪಿಲಾರ್ ಆ ಅಂಗೈಯನ್ನು ಹಿಡಿದು ಮೆಲ್ಲಗೆ ಮೇಲೆತ್ತಿ, ಹೆಚ್ಚುಕಡಿಮೆ ಮಟ್ಟಸವಾಗಿ ಇಟ್ಟಳು.

"ಹಂಗಾದ್ರ ನೀರು ನಿಧಾನ ಬರತೈತಿ. ಹೂಳು ತುಂಬೂದಿಲ್ಲೇನ? ಕೇಳ್ರಿ ಮಾಸ್ತರ."

ಹೂಳಿಗೆ ಇಂಗ್ಲಿಷ್ ಶಬ್ದ ಏನು ಮಾಡಿದರೂ ನೆನಪಾಗಲಿಲ್ಲ. "ಮಣ್ಣು ಸಿಟ್ ಡೌನ್. ದೆನ್ ವಾಟ್?" ಎಂದೆ. "ಮಣ್ಣು" ಎಂದದ್ದು ಕನ್ನಡದಲ್ಲೇ ಎಂದು ಆಮೇಲೆ ಹೊಳೆಯಿತು. ಪಿಲಾರಳಿಗೆ ತಿಳಿಯಿತು. ನಡುವೆ ತೊಟ್ಟಿಗಳನ್ನು ಬರೆದು, ಅಲ್ಲಿ ಮಣ್ಣು ಕೂರುತ್ತದೆ, ಜನ ತೆಗೆಯುತ್ತಾರೆ ಎಂದು ತೋರಿಸಿದಳು. ನೀಲವ್ವ ತಲೆಯಾಡಿಸಿ, ಕಡ್ಡಿ ಇಸಿದುಕೊಂಡು, ಕಾಲುವೆಯ ಗೆರೆಗೆ ಅಡ್ಡಡ್ಡ ಎರಡು ಗೀಟು ಎಳೆದು, ಇಲ್ಲಿನ ಹೊಲದವರು ನೀರಿನ ಪಾಳಿಗಾಗಿ ಜಗಳ ಆಡುತ್ತಿರಲಿಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಿಲಾರ್ ಎರಡೂ ಮುಷ್ಟಿ ಎತ್ತಿ ಒಂದಕ್ಕೊಂದು ಗುದ್ದಿ ತೋರಿಸಿದಳು. ಇಬ್ಬರೂ ಹೊಟ್ಟೆ ತುಂಬ ನಕ್ಕರು. ದುಭಾಷಿ ಬೇಕಾಗಿರಲಿಲ್ಲ.

"ಶಾಣ್ಯಾ ಮಂದಿ," ಎಂದರು ನೀಲವ್ವ, ಸೀರೆಯ ಮಣ್ಣು ಕೊಡವುತ್ತ. ಯುರೋಪ್ ಖಂಡಕ್ಕೆ ಅವರು ಕೊಟ್ಟ ಒಂದೇ ಒಂದು ಮೆಚ್ಚುಗೆ ಅದು.

ಆಮೇಲೆ ಪಿಲಾರ್ ನನ್ನ ಕಡೆ ತಿರುಗಿ, ಬೆಳಿಗ್ಗೆ ಅಷ್ಟುದ್ದ ಏನು ಹೇಳಿದಿರಿ ಎಂದು ಕೇಳಿದಳು. ತಪ್ಪಿಸಿಕೊಳ್ಳಲು ಬೇಲಿಯೂ ಇರಲಿಲ್ಲ. ರಾಣಿ, ಸುರಂಗ, ಹಾವು, ಎಲ್ಲವನ್ನೂ ಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆಕೆ ನಗುತ್ತ ನಗುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ತನ್ನ ಅಜ್ಜಿಯೂ ಈ ಗುಡ್ಡದೊಳಗೆ ಸುರಂಗವಿದೆ, ನಿಧಿಯಿದೆ ಎಂದೇ ಹೇಳುತ್ತಿದ್ದಳು ಎಂದಳು. ಅದನ್ನು ನಾನು ಮೈಕಿನಲ್ಲಿ ಕನ್ನಡದಲ್ಲಿ ಹೇಳಿದೆ. ಇದು ಅವಳೇ ಹೇಳಿದ ಮಾತು, ನನ್ನದಲ್ಲ ಎಂದು ಆಣೆ ಮಾಡಿ ಹೇಳಿದೆ. ನರಗುಂದದ ವ್ಯಾಪಾರಿಯ ಮುಖ ಅರಳಿತು.

ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ನೀಲವ್ವ ಗಜೇಂದ್ರಗಡಕ್ಕೆ ಬಂದಿದ್ದರು. ಮೊಮ್ಮಗಳಿಗೆ ಸೀರೆ ತೆಗೆದುಕೊಂಡು ನಮ್ಮ ಮನೆಗೂ ಬಂದರು. ಸುದ್ದಿ ತಿಳಿದು ಓಣಿಯ ನಾಲ್ಕಾರು ಹೆಂಗಸರು ಪಡಸಾಲೆಯಲ್ಲಿ ಸೇರಿದರು. ಶಾಂತಾ ಮೊಬೈಲಿನಲ್ಲಿ ಫೋಟೋ ತೋರಿಸಿದಳು: ಬಿಳಿ ಕಂಬ, ಸಿಂಹ, ಜೇನುಗೂಡಿನ ಛಾವಣಿ. ನಾನು ಮೂಲೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಕೇಳಿದರೆ ವಿವರಿಸೋಣವೆಂದು ಗಂಟಲು ಸರಿಮಾಡಿಕೊಂಡೂ ಇದ್ದೆ. ಯಾರೂ ನನ್ನನ್ನು ಕೇಳಲಿಲ್ಲ.

"ಅರಮನಿ ಹ್ಯಾಂಗಿತ್ತರಿ ನೀಲವ್ವಾರ?" ಎಂದು ಪಕ್ಕದ ಮನೆಯಾಕೆ ಕೇಳಿದಳು.

"ಅರಮನಿ ಅಂತಾರವಾ ಮಂದಿ," ಎಂದರು ನೀಲವ್ವ. "ನಾ ನೋಡಿದ್ದು ಒಂದು ಕಾಲುವಿ. ದೂರದ ಹೊಳಿಯಿಂದ ಗುಡ್ಡದ ಹೊಟ್ಟಿ ಹಿಡಕೊಂಡು ಮೆಲ್ಲಕ ನಡಸಿ ತಂದಾರ. ಕಡೀಕ ಒಂದು ಮನಿ ಕಟ್ಯಾರ, ಅಷ್ಟ. ಪಾಪ, ಅಷ್ಟು ದೂರ ನಡಕೊಂತ ಬಂದ ನೀರಿಗೆ ಒಂದೀಟು ಕುಂದ್ರಾಕ ಜಾಗಾ ಬೇಕಲ್ಲ?"

ಶಾಂತಾ ನನ್ನ ಕಡೆ ನೋಡಿದಳು, ತಿದ್ದುವುದೇನಾದರೂ ಇದೆಯೇ ಎನ್ನುವ ಹಾಗೆ. ನಾನು ಆ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹಿಂದುಮುಂದು ಓದಿ ನೋಡಿದೆ. ಗೆರೆ ಎಳೆಯಲು ಒಂದಕ್ಷರವೂ ಸಿಗಲಿಲ್ಲ.